‘200 ಪೇಪರ್ ಬರೆದಿದ್ದಾರೆ’ ಅಂದ ತಕ್ಷಣ ನಂಬಬೇಕಾ? ವ್ಯಸನ ಸಂಶೋಧಕರ ಪಟ್ಟಿ ಓದುವುದು ಹೀಗೆ

ಟಿವಿಯಲ್ಲಿ ಗಾಂಜಾ ಬಗ್ಗೆಯೋ ಕುಡಿತದ ಬಗ್ಗೆಯೋ ಚರ್ಚೆ ನಡೆಯುವಾಗ ಒಬ್ಬರ ಹೆಸರಿನ ಕೆಳಗೆ ‘200 ಸಂಶೋಧನಾ ಲೇಖನಗಳ ತಜ್ಞರು’ ಅಂತ ಬರುತ್ತದೆ. ನಾವು ಸುಮ್ನೆ ತಲೆಯಾಡಿಸುತ್ತೇವೆ. ಆ ಪಟ್ಟಿಯಲ್ಲಿ ಏನಿದೆ ಅಂತ ಮೊಬೈಲಿನಲ್ಲೇ, ಪೈಸೆ ಖರ್ಚಿಲ್ಲದೆ ನೋಡಬಹುದು. ವೈದ್ಯಕೀಯ ಲೇಖನಗಳನ್ನು ಹುಡುಕುವ ತಾಣ ಪಬ್‌ಮೆಡ್ ಮತ್ತು ಎಲ್ಲ ಬಗೆಯ ಸಂಶೋಧನಾ ಲೇಖನ ಹುಡುಕಿ ಕೊಡುವ ಗೂಗಲ್ ಸ್ಕಾಲರ್ ಸಾಕು.

ಮೊದಲು, ಅವರು ಅವರೇನಾ ನೋಡಿ. ನಮ್ಮ ಕಡೆಯ ಹೆಸರುಗಳದ್ದೇ ದೊಡ್ಡ ತಲೆನೋವು. ಊರಿನದ್ದೋ ಅಪ್ಪನದ್ದೋ ಇನಿಷಿಯಲ್ ಒಂದು ಪೇಪರಿನಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಪೂರ್ತಿ ಬಿಡಿಸಿ ಬರೆದಿರುತ್ತದೆ. ಹೀಗಾಗಿ ಒಬ್ಬ ಮಂಜುನಾಥ ಮೂರು ಜನ ಆಗುತ್ತಾರೆ, ಮೂವರು ಮಂಜುನಾಥರು ಒಬ್ಬರಾಗುತ್ತಾರೆ. ಆರ್ಕಿಡ್ ಎಂಬ 16 ಅಂಕಿಯ ಗುರುತು ಸಂಖ್ಯೆ ಇದ್ದರೆ ಅದನ್ನೇ ಹಿಡಿಯಿರಿ. ಇಲ್ಲದಿದ್ದರೆ ಸಂಸ್ಥೆಯ ಹೆಸರನ್ನೂ ಸೇರಿಸಿ ಹುಡುಕಿ, ಉದಾಹರಣೆಗೆ ನಿಮ್ಹಾನ್ಸ್.

ಹುಡುಕುವ ಪದದಲ್ಲೂ ಒಂದು ಕಿತಾಪತಿ ಇದೆ. ಹಳೇ ಪೇಪರುಗಳಲ್ಲಿ ‘ಡ್ರಗ್ ಅಬ್ಯೂಸ್’ ಅಂತ ಇರುತ್ತದೆ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ 2013ರಲ್ಲಿ ಬದಲಾದ ಮೇಲೆ ‘ಯೂಸ್ ಡಿಸಾರ್ಡರ್’ ಜಾಸ್ತಿ. ಎರಡನ್ನೂ ಹಾಕಿ ನೋಡಿ.

ಆಮೇಲೆ ಪೇಪರುಗಳನ್ನು ಬಗೆಬಗೆಯಾಗಿ ವಿಂಗಡಿಸಿ. ಪತ್ರಿಕೆಗೆ ಬರೆದ ಪತ್ರ, ಸಂಪಾದಕೀಯ, ಹಿಂದಿನ ಅಧ್ಯಯನಗಳನ್ನು ಒಟ್ಟಿಗೆ ನೋಡುವ ವಿಮರ್ಶಾ ಲೇಖನ, ಚಿಕಿತ್ಸೆಯ ಪ್ರಯೋಗ, ವರ್ಷಗಟ್ಟಲೆ ಒಂದೇ ಗುಂಪಿನ ಹಿಂದೆ ಬಿದ್ದ ಅಧ್ಯಯನ, ಪಟ್ಟಿಯಲ್ಲಿ ಎಲ್ಲವೂ ಒಂದೊಂದು ಸಾಲೇ. ಒಂದೇ ದೋಸೆ ಹಿಟ್ಟಿನಿಂದ ಮಸಾಲೆ, ಸೆಟ್, ಉತ್ತಪ್ಪ ಹಾಕಿದ ಹಾಗೆ ಒಂದೇ ಮಾಹಿತಿಯಿಂದ ಹತ್ತಾರು ಪೇಪರ್ ಬರುವುದೂ ಉಂಟು. ಅದೇನು ಮೋಸ ಅಲ್ಲ. ಕೆನಡಾದ ವ್ಯಾಂಕೂವರ್‌ನಲ್ಲಿ ಮಾದಕ ವಸ್ತುವನ್ನು ಸೂಜಿಯಲ್ಲಿ ಚುಚ್ಚಿಕೊಳ್ಳುವವರನ್ನು 1996ರಿಂದ ಗಮನಿಸುತ್ತಾ ಬಂದ ಅಧ್ಯಯನದಿಂದ ಒಳ್ಳೊಳ್ಳೆಯ ಪೇಪರುಗಳು ಬಂದಿವೆ. ಆದರೆ ಹತ್ತು ಪೇಪರ್ ಅಂದರೆ ಹತ್ತು ಬೇರೆ ಬೇರೆ ಪುರಾವೆ ಅಂತ ಲೆಕ್ಕ ಹಾಕಬೇಡಿ, ಅಷ್ಟೇ.

ಈಗ ಒಂದು ಪೇಪರನ್ನು ಬೇರೆಯವರು ತಮ್ಮ ಪೇಪರುಗಳಲ್ಲಿ ‘ಎಷ್ಟು ಜನ ಉಲ್ಲೇಖಿಸಿದ್ದಾರೆ’ ಅನ್ನೋ ಅಂಕಿ. ಎಲ್ಲರೂ ಬೀಳುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಲ್ಲೋಣ. 1980ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಜೇನ್ ಪೋರ್ಟರ್ ಮತ್ತು ಹರ್ಷಲ್ ಜಿಕ್ ಅವರ ಒಂದು ಪತ್ರ ಬಂತು. ಬರೀ ಐದು ವಾಕ್ಯ. ಆಸ್ಪತ್ರೆಯಲ್ಲಿ ಅಫೀಮು ಜಾತಿಯ ನೋವಿನ ಔಷಧ ಪಡೆದ 11,882 ರೋಗಿಗಳಲ್ಲಿ, ಮೊದಲು ವ್ಯಸನ ಇಲ್ಲದವರ ಪೈಕಿ, ಚಟ ಹತ್ತಿದ್ದು ನಾಲ್ಕೇ ಜನಕ್ಕೆ ಅಂತ ಅದರ ಸಾರ. ಅವರೆಲ್ಲ ಆಸ್ಪತ್ರೆಗೆ ದಾಖಲಾಗಿದ್ದವರು. ಮನೆಗೆ ಹೋಗಿ ತಿಂಗಳುಗಟ್ಟಲೆ ಮಾತ್ರೆ ನುಂಗಿದವರ ಬಗ್ಗೆ ಪತ್ರ ಏನೂ ಹೇಳಿರಲಿಲ್ಲ. ಆದರೂ 1996ರಲ್ಲಿ ಅದೇ ಅಫೀಮು ಜಾತಿಯ ನೋವಿನ ಮಾತ್ರೆ ಆಕ್ಸಿಕಾಂಟಿನ್ ಮಾರುಕಟ್ಟೆಗೆ ಬಂದ ಸಮಯದಿಂದ ಆ ಪತ್ರವನ್ನು ಉಲ್ಲೇಖಿಸುವುದು ಏರುತ್ತಲೇ ಹೋಯಿತು. 2017ರಲ್ಲಿ ಕೆನಡಾದ ಸಂಶೋಧಕರು ಕೂತು ಎಣಿಸಿದರು. 608 ಉಲ್ಲೇಖ! ಅದರಲ್ಲಿ 439 ಕಡೆ ‘ಚಟ ಹತ್ತುವುದು ಅಪರೂಪ’ ಅನ್ನೋದಕ್ಕೆ ಇದನ್ನೇ ಸಾಕ್ಷಿ ಮಾಡಿದ್ದರು. ರೋಗಿಗಳು ಆಸ್ಪತ್ರೆಯಲ್ಲಿದ್ದರು ಅನ್ನೋದನ್ನೇ 491 ಕಡೆ ಬಿಟ್ಟಿದ್ದರು. ಅಂದರೆ ಮೂಲ ಓದಿದವರು ಎಷ್ಟು ಮಂದಿಯೋ! ಐದು ವಾಕ್ಯ ಓದೋಕೆ ಎಷ್ಟೊತ್ತು ಬೇಕು, ಅಲ್ವಾ?

ಅದಕ್ಕೇ ಸ್ಕಾಲರ್‌ನಲ್ಲಿ ಆ ಅಂಕಿಯ ಮೇಲೆ ಒತ್ತಿ, ಬರುವ ಪೇಪರುಗಳಲ್ಲಿ ಎರಡು ಮೂರನ್ನಾದರೂ ತೆರೆದು, ಏನಂತ ಉಲ್ಲೇಖಿಸಿದ್ದಾರೆ ನೋಡಿ. ಬೈದು ಉಲ್ಲೇಖಿಸಿದರೂ ಎಣಿಕೆಗೆ ಒಂದೇ. ಸಂಶೋಧಕರ ತೂಕ ಅಳೆಯೋಕೆ 2005ರಲ್ಲಿ ಬಂದ ಎಚ್-ಇಂಡೆಕ್ಸ್ ಎಂಬ ಅಂಕಿ ಕೂಡ ಇದೇ ಎಣಿಕೆಯ ಮೇಲೆ ನಿಂತಿದೆ.

ವಾಪಸ್ ಪಡೆದ ಪೇಪರ್ ಇದೆಯಾ ಅಂತಲೂ ನೋಡಿ, ಪಬ್‌ಮೆಡ್‌ನಲ್ಲಿ ಗುರುತು ಹಾಕಿರುತ್ತಾರೆ. 2002ರಲ್ಲಿ ಎಕ್ಸ್‌ಟಸಿ ಎಂಬ ಮಾದಕ ಮಾತ್ರೆ ಕೋತಿಗಳ ಮಿದುಳನ್ನು ಹಾಳು ಮಾಡುತ್ತದೆ ಅಂತ ‘ಸೈನ್ಸ್’ ಪತ್ರಿಕೆಯಲ್ಲಿ ಬಂದು ಭಾರೀ ಸುದ್ದಿಯಾಯಿತು. ಮರುವರ್ಷ ಸಂಶೋಧಕರೇ ವಾಪಸ್ ಪಡೆದರು. ಸೀಸೆಯ ಚೀಟಿ ಅದಲುಬದಲಾಗಿ, ಹೆಚ್ಚುಕಡಿಮೆ ಎಲ್ಲ ಪ್ರಾಣಿಗಳಿಗೂ ಕೊಟ್ಟದ್ದು ಮೆಥಾಂಫೆಟಮಿನ್ ಎಂಬ ಬೇರೆಯೇ ಮಾದಕ ವಸ್ತು ಆಗಿತ್ತು! ತಪ್ಪನ್ನು ತಾವೇ ಹೇಳಿಕೊಂಡವರಿಗೆ ನಾನಂತೂ ಪೂರ್ತಿ ಸೊನ್ನೆ ಕೊಡುವುದಿಲ್ಲ.

ಹೆಸರು ಎಲ್ಲಿದೆ ಅನ್ನೋದನ್ನೂ ಗಮನಿಸಿ. ಸಾಮಾನ್ಯವಾಗಿ ಮೊದಲ ಹೆಸರಿನವರು ಕೆಲಸ ಮಾಡಿದವರು, ಕೊನೆಯವರು ತಂಡದ ಹಿರಿಯರು. ದುಡ್ಡು ಕೊಟ್ಟವರು ಯಾರು ಅನ್ನೋದು ಪೇಪರಿನ ಕೊನೆಯಲ್ಲಿರುತ್ತದೆ. ಮದ್ಯದ ಕಂಪನಿಯೋ ಔಷಧ ಕಂಪನಿಯೋ ಇದ್ದರೆ ಒಂದು ಸಲ ಹೆಚ್ಚಿಗೆ ಓದಿ.

ಇಷ್ಟಾದರೂ ಕೆಲವು ದೊಡ್ಡ ಕೆಲಸಗಳು ಪಬ್‌ಮೆಡ್‌ಗೆ ಸಿಗದೇ ಹೋಗಬಹುದು. ದೇಶದಲ್ಲಿ ಮಾದಕ ವಸ್ತು ಬಳಸುವವರು ಎಷ್ಟು ಅಂತ ಏಮ್ಸ್‌ನವರು 2019ರಲ್ಲಿ ಕೊಟ್ಟ ಸಮೀಕ್ಷೆ ಹೊರಬಂದದ್ದು ಸರ್ಕಾರಿ ವರದಿಯಾಗಿ. ಅದು ಬೇಕಿದ್ದರೆ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಹುಡುಕಿ.