ಎಳನೀರಿನ ಗಾಡಿಯೂ ನಕ್ಷೆಯಲ್ಲಿರಬೇಕು: ಮೂರು ಸಿಗ್ನಲ್‌ಗಳ ಡಿಜಿಟಲ್ ಟ್ವಿನ್

‘ಲೇನ್ ಶಿಸ್ತೇ ಇಲ್ಲದ ಊರಿಗೆ ಎಂಥ ಟ್ವಿನ್ನು? ಕಂಪ್ಯೂಟರಿನಲ್ಲಿ ಕಾರಾಟ ಆಡಿದ ಹಾಗೆ’ ಎಂದು ಮೂರು ವರ್ಷದ ಹಿಂದೆ ಹಿರಿಯ ಕನ್ಸಲ್ಟೆಂಟ್ ಒಬ್ಬರು ನನ್ನ ಮುಖಕ್ಕೇ ಹೇಳಿದ್ದರು. ಟ್ವಿನ್ ಎಂದರೆ ನಿಜವಾದ ರಸ್ತೆಯ ಎಣಿಕೆಯನ್ನು ಆಗಾಗ ಪಡೆದು, ಅದರಂತೆಯೇ ಓಡುವ ಕಂಪ್ಯೂಟರ್ ಪ್ರತಿರೂಪ. ಈಗ ಅವರದೇ ಕಚೇರಿಯ ಹುಡುಗರು ಫೋನ್ ಮಾಡಿ, ‘ಸಾರ್, ನಿಮ್ಮ ಬೈಕ್‌ಗಳ ಸೆಟ್ಟಿಂಗ್ ಸ್ವಲ್ಪ ಕೊಡುತ್ತೀರಾ’ ಎನ್ನುತ್ತಾರೆ. ಪೂರ್ತಿ ಕೊಟ್ಟಿಲ್ಲ. ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ದಕ್ಷಿಣ ಬೆಂಗಳೂರಿನ ಒಂದು ರಸ್ತೆ, ಉದ್ದ ಸುಮಾರು 1.4 ಕಿ.ಮೀ., ಮೂರು ಸಿಗ್ನಲ್. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರಿನ ಬೆಲೆ ವಿಚಾರಿಸಿದ ದಿನವೇ ಸುಮ್ಮನಾದೆ. ಆ ಹಣಕ್ಕೆ ಒಂದು ಕಾರು ಬರುತ್ತಿತ್ತು. ಕೊನೆಗೆ ನೆಚ್ಚಿಕೊಂಡದ್ದು ಜರ್ಮನಿಯ ಡಿಎಲ್‌ಆರ್ ಸಂಸ್ಥೆಯವರು 2001ರಿಂದ ಉಚಿತವಾಗಿ ಕೊಡುತ್ತಿರುವ, ವಾಹನ ಸಂಚಾರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಸುಮೊ ತಂತ್ರಾಂಶವನ್ನು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ನಕ್ಷೆಯಿಂದ ರಸ್ತೆ ಇಳಿಸಿಕೊಳ್ಳುವುದು, ಎಡಬದಿ ಸಂಚಾರದ ಆಯ್ಕೆ ಹಾಕುವುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ನಾನು ಮೊದಲ ಸಲ ಹಾಕಲು ಮರೆತು, ಇಡೀ ಬಡಾವಣೆಯನ್ನು ಬಲಬದಿಯಲ್ಲಿ ಓಡಿಸಿದ್ದೆ. ಅದು ಬಿಡಿ.

ನಿಜವಾದ ಮುಖಭಂಗ ಆಗಿದ್ದು ಐದನೆಯ ತಿಂಗಳಲ್ಲಿ. ಸಂಜೆ ಆರೂವರೆಯ ದಟ್ಟಣೆಯಲ್ಲಿ ಟ್ವಿನ್ ತೋರಿಸುತ್ತಿದ್ದ ಸಾಲು 150 ಮೀಟರ್. ಹಸಿರು ಸಮಯ ಸ್ವಲ್ಪ ಹೊಂದಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಾಲ್ಕು ಜನರ ಮುಂದೆ ಪ್ರೊಜೆಕ್ಟರ್ ಹಾಕಿ ಬೀಗಿದೆ. ಅಲ್ಲಿಂದ ಹೊರಬಂದು ರಸ್ತೆ ನೋಡಿದರೆ ಸಾಲು ಪೆಟ್ರೋಲ್ ಬಂಕಿನವರೆಗೆ, ಅಂದರೆ ಹತ್ತಿರ ಹತ್ತಿರ 400 ಮೀಟರ್. ಎರಡು ರಾತ್ರಿ ಕೂತ ಮೇಲೆ ಕಳ್ಳ ಸಿಕ್ಕ. ಸುಮೊದಲ್ಲಿ 300 ಸೆಕೆಂಡು ಅಲುಗಾಡದೆ ನಿಂತ ವಾಹನವನ್ನು ತಂತ್ರಾಂಶವೇ ಎತ್ತಿ ಮುಂದೆಲ್ಲೋ ಇಳಿಸಿಬಿಡುತ್ತದೆ. ಐದು ನಿಮಿಷ ನಿಂತರೆ ಲೆಕ್ಕದಲ್ಲಿ ಏನೋ ತಪ್ಪಿದೆ ಎಂಬುದು ಜರ್ಮನರ ನಂಬಿಕೆ. ನಮ್ಮಲ್ಲಿ ಐದು ನಿಮಿಷಕ್ಕೆ ಯಾರೂ ಎಂಜಿನ್ ಕೂಡ ಆರಿಸುವುದಿಲ್ಲ. ಆ ಸೌಲಭ್ಯವನ್ನು ನಿಲ್ಲಿಸಿದೆ. ಇಡೀ ಜಾಲ ಗಂಟುಬಿದ್ದು ನಿಂತಿತು. ಈಗ ನೋಡಿದರೆ ಸುಮೊದ ಚಾಲಕರು ಅತಿ ಸಭ್ಯರು, ಮುಂದೆ ಜಾಗವಿಲ್ಲದಿದ್ದರೆ ಚೌಕದ ನಡುವೆ ನುಗ್ಗುವುದೇ ಇಲ್ಲ. ಕಾದು ಬೇಸತ್ತ ಮೇಲೆ ನುಗ್ಗುವಂತೆ ಮಾಡುವ ಒಂದು ನಿಯತಾಂಕವಿದೆ, ಹುಡುಕಿದರೆ ಸಿಗುತ್ತದೆ. ನಾನು ಅದಕ್ಕೆ ಕಾರಿಗೆ ಒಂದು ಅಂಕಿ, ಆಟೋಗೆ ಇನ್ನೊಂದು ಅಂಕಿ ಕೊಟ್ಟಿದ್ದೇನೆ. ಆಟೋದ್ದು ಎಷ್ಟು ಎಂದು ಕೇಳಬೇಡಿ.

ಬೈಕ್‌ಗಳ ವಿಷಯಕ್ಕೆ ಬರೋಣ, ಜನ ಕೇಳುವುದೇ ಅದನ್ನು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1990ರ ಮಾರ್ಗಸೂಚಿ ಹಿಡಿದು ಬೈಕನ್ನು 0.75 ಕಾರು ಎಂದು ಲೆಕ್ಕ ಹಾಕಿದರೆ ಸಿಗ್ನಲ್ ಬಳಿ ಎಲ್ಲವೂ ಕೆಡುತ್ತದೆ. ಕೆಂಪು ಬಿದ್ದಾಗ ಅವು ಕಾರುಗಳ ಸಂದಿಯಲ್ಲಿ ನುಸುಳಿ ನಿಲುಗೆರೆಯ ಮುಂದೆ ಗುಂಪಾಗುತ್ತವೆ, ಹಸಿರು ಬಿದ್ದ ಮೊದಲ ಆರೇಳು ಸೆಕೆಂಡಿನಲ್ಲಿ ಇಪ್ಪತ್ತು ಮೂವತ್ತು ಬೈಕ್ ಒಟ್ಟಿಗೆ ಜಾರಿಹೋಗುತ್ತವೆ. ನನ್ನ ವಿಡಿಯೊಗಳಲ್ಲಿ ಒಂದು ಬೈಕ್ 0.3 ಕಾರಿನ ಆಸುಪಾಸು ಬಂತು. ಒಂದು ಲೇನನ್ನು ಕಿರುಪಟ್ಟಿಗಳಾಗಿ ಸೀಳುವ ಸಬ್‌ಲೇನ್ ಮಾದರಿ ಹಾಕಿ, ಪಟ್ಟಿಯ ಅಗಲವನ್ನು 0.4 ಮೀಟರಿಗೆ ಇಳಿಸಿದ ಮೇಲೆ ಪರದೆಯ ಮೇಲೂ ಆ ನುಸುಳಾಟ ಕಂಡಿತು. ಬೆಲೆ ತೆತ್ತಿದ್ದು ಕಂಪ್ಯೂಟರು: 20 ನಿಮಿಷದ ಮುನ್ನೋಟಕ್ಕೆ ಒಂಬತ್ತು ನಿಮಿಷ. ಸುತ್ತಲಿನ ಬಡಾವಣೆಯ ಒಳರಸ್ತೆಗಳನ್ನೆಲ್ಲ ಕಿತ್ತುಹಾಕಿ, ಮುಖ್ಯರಸ್ತೆಯನ್ನಷ್ಟೇ ಉಳಿಸಿಕೊಂಡು ಒಂದು ನಿಮಿಷದೊಳಗೆ ತಂದೆ.

ರಸ್ತೆಯ ವಾಹನ ಎಣಿಸಲು ಕ್ಯಾಮೆರಾ ನಾಲ್ಕು. ಒಂದನ್ನು ಹಾರ್ಡ್‌ವೇರ್ ಅಂಗಡಿಯ ಮೇಲ್ಮಹಡಿಯಲ್ಲಿ ಕಟ್ಟಿದ್ದೇನೆ, ಕರೆಂಟಿಗೆಂದು ತಿಂಗಳಿಗೆ 1500 ರೂಪಾಯಿ. ಹಳೆಯ ಗ್ರಾಫಿಕ್ಸ್ ಕಾರ್ಡಿಗೆ 60 ಸಾವಿರದ ಮೇಲೆ. ಕ್ಯಾಮೆರಾದ ಎಣಿಕೆಯನ್ನು ತಾಳೆ ನೋಡಲು ಕಾಲೇಜು ಹುಡುಗರನ್ನು ಒಂಬತ್ತು ದಿನ ಕೂರಿಸಿದೆ, ದಿನಕ್ಕೆ 600, ಜೊತೆಗೆ ದರ್ಶಿನಿಯ ಊಟ. ಒಟ್ಟು ನಾಲ್ಕೂವರೆ ಲಕ್ಷ ಕೈಬಿಟ್ಟಿದೆ. ಹೆಂಡತಿಗೆ ಹೇಳಿದ್ದು ಎರಡು. ಎಣಿಸುವ ಮಾದರಿ ಮೊದಲಿಗೆ ಆಟೋವನ್ನು ಕಾರು ಎನ್ನುತ್ತಿತ್ತು. ಇಲ್ಲಿನದೇ ಮೂರು ಸಾವಿರದಷ್ಟು ಚಿತ್ರಗಳನ್ನು ಕೈಯಾರೆ ಗುರುತಿಸಿ ಕಲಿಸಬೇಕಾಯಿತು.

ಗಣೇಶ ಹಬ್ಬದಲ್ಲಿ ಒಂದು ಫ್ಲೆಕ್ಸ್ ಸರಿಯಾಗಿ ಎರಡನೆಯ ಕ್ಯಾಮೆರಾದ ಮೂಗಿಗೆ ಬಂದು ನಿಂತಿತು. ಪೂರ್ವದ ರಸ್ತೆ ಖಾಲಿ ಎಂದು ತಿಳಿದ ಟ್ವಿನ್, ಅದರ ಹಸಿರನ್ನೆಲ್ಲ ಕಿತ್ತು ಉಳಿದ ಮೂರಕ್ಕೆ ಹಂಚಲು ಸಲಹೆ ಕೊಟ್ಟಿತು. ಪುಣ್ಯಕ್ಕೆ ನನ್ನ ಟ್ವಿನ್ ಸಿಗ್ನಲನ್ನು ತಾನೇ ಬದಲಿಸುವುದಿಲ್ಲ. ಐದು ನಿಮಿಷಕ್ಕೊಮ್ಮೆ ಎಣಿಕೆ ತೆಗೆದುಕೊಂಡು, ಉಳಿಸಿಟ್ಟ ಸ್ಥಿತಿಯಿಂದ ನಾಲ್ಕು ಬೇರೆ ಬೇರೆ ಸಿಗ್ನಲ್ ವೇಳಾಪಟ್ಟಿಗಳನ್ನು ಓಡಿಸಿ, ಗೆದ್ದದ್ದನ್ನು ಚೌಕದಲ್ಲಿರುವ ಹೆಡ್ ಕಾನ್‌ಸ್ಟೇಬಲ್‌ ಅವರ ಮೊಬೈಲಿಗೆ ಕಳಿಸುತ್ತದೆ. ಅವರು ಆ ಸಂದೇಶ ನೋಡಿ ನಕ್ಕು ಸುಮ್ಮನಾಗಿದ್ದರು. ಎಣಿಕೆ ಇದ್ದಕ್ಕಿದ್ದಂತೆ ಸೊನ್ನೆಗಿಳಿದರೆ ಕಳೆದ ನಾಲ್ಕು ವಾರದ ಅದೇ ದಿನ, ಅದೇ ಹೊತ್ತಿನ ಸರಾಸರಿ ತೆಗೆದುಕೊಳ್ಳುವಂತೆ ಅನಂತರ ಬರೆದೆ.

ದಾರಿ ತೋರಿಸಿದವರೂ ಆ ಹೆಡ್ ಕಾನ್‌ಸ್ಟೇಬಲ್ಲರೇ. ಇಷ್ಟೆಲ್ಲ ಮಾಡಿದರೂ ಮಧ್ಯದ ಸಿಗ್ನಲಿನಲ್ಲಿ ಟ್ವಿನ್‌ಗೂ ರಸ್ತೆಗೂ ತಾಳೆಯಾಗುತ್ತಿರಲಿಲ್ಲ. ‘ಸಾರ್, ನಿಮ್ಮ ಕಂಪ್ಯೂಟರಿಗೆ ಎಳನೀರಿನ ಗಾಡಿ ಕಾಣುತ್ತದೆಯೇ?’ ಎಂದರು. ಕಾಣುತ್ತಿರಲಿಲ್ಲ. ಚೌಕ ದಾಟಿ 30 ಮೀಟರಿಗೆ ಗಾಡಿ, ಅದರ ನೆರಳಿಗೆ ನಾಲ್ಕೈದು ಆಟೋ, ಆಟೋಗಳಿಂದಾಗಿ ತನ್ನ ತಂಗುದಾಣಕ್ಕೆ ಸೇರಲಾಗದೆ ನಡುರಸ್ತೆಯಲ್ಲೇ ನಿಲ್ಲುವ ಬಸ್. ಹಸಿರಿನ ಮೊದಲ 40 ಸೆಕೆಂಡು ವಾಹನ ಹರಿಯುತ್ತಿತ್ತು, ಆಮೇಲೆ ಆಚೆ ಜಾಗವೇ ಇಲ್ಲ. ಉಳಿದ 30 ಸೆಕೆಂಡಿನ ಹಸಿರು ಗಾಳಿಗೆ. ಗಾಡಿಯನ್ನು ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ನಿಂತ ವಾಹನವೆಂದು ನಕ್ಷೆಯಲ್ಲಿ ಇಟ್ಟೆ, ಬಸ್ಸಿನ ನಿಲುಗಡೆಯನ್ನು ನಿಜವಾಗಿ ನಿಲ್ಲುವ ಜಾಗಕ್ಕೆ ಸರಿಸಿದೆ. ಮರುದಿನವೇ ಸಾಲಿನ ಉದ್ದ ಹೆಚ್ಚುಕಡಿಮೆ ಕೂಡಿಬಂತು. ಟ್ವಿನ್ನಿನ ಎಣಿಕೆಗೂ ರಸ್ತೆಯ ಎಣಿಕೆಗೂ ಇರುವ ವ್ಯತ್ಯಾಸವನ್ನು ಅಳೆಯುವ ಜಿಇಎಚ್ ಅಂಕ ಐದರ ಕೆಳಗೆ ಬಂದದ್ದು ನೂರಕ್ಕೆ ತೊಂಬತ್ತು ಕಡೆ. 85 ಕಡೆ ಬಂದರೆ ಸಾಕು ಎನ್ನುತ್ತಾರೆ.

ಆಮೇಲಿನದು ಸುಲಭ. ಎಲ್ಲ ದಿಕ್ಕಿಗೂ ಒಮ್ಮೆ ಹಸಿರು ಬಂದುಹೋಗುವ 180 ಸೆಕೆಂಡಿನ ಸುತ್ತನ್ನು 130ರ ಹತ್ತಿರಕ್ಕೆ ಇಳಿಸಲು ಟ್ವಿನ್ ಹೇಳಿತು. ದಟ್ಟಣೆಯಲ್ಲಿ ಸುತ್ತು ಉದ್ದವಿದ್ದಷ್ಟೂ ಒಳ್ಳೆಯದೆಂಬ ಮಾತನ್ನು ಎಲ್ಲರೂ ನಂಬಿದ್ದರಿಂದ ಒಪ್ಪಿಸಲು ಆರು ವಾರ ಬೇಕಾಯಿತು. ಮೂರು ಸಿಗ್ನಲ್ ದಾಟಲು ಸಂಜೆ 19 ನಿಮಿಷ ಹಿಡಿಯುತ್ತಿದ್ದದ್ದು ಈಗ 14. ಮಳೆ ಬಂದರೆ 16. ಮಳೆಗೆಂದು ಬೇರೆಯೇ ಒಂದು ಕಡತವಿದೆ: ವಾಹನಗಳ ನಡುವಿನ ಅಂತರ ಹೆಚ್ಚು, ವೇಗ ಕಡಿಮೆ, ಮೇಲ್ಸೇತುವೆಯ ಕೆಳಗೆ ಆಸರೆಗೆ ನಿಂತ ಬೈಕ್‌ಗಳು ಒಂದು ಲೇನ್ ನುಂಗಿರುತ್ತವೆ. ಎಷ್ಟು ಹನಿ ಬಿದ್ದರೆ ಆ ಕಡತಕ್ಕೆ ಬದಲಾಗಬೇಕು ಎಂಬುದು ನನ್ನ ಗುಟ್ಟು.

ನಾಲ್ಕನೆಯ ಸಿಗ್ನಲ್ ಸೇರಿಸಲು ಹೋಗಿ ಈಗ ಮತ್ತೆ ಪೆಟ್ಟು ತಿಂದಿದ್ದೇನೆ. ಆಷಾಢದಲ್ಲಿ ಪರೀಕ್ಷಿಸಿದೆ, ಅಚ್ಚುಕಟ್ಟಾಗಿ ಕೂಡಿಬಂತು. ಶ್ರಾವಣ ಬಂದದ್ದೇ ಪಕ್ಕದ ಕಲ್ಯಾಣ ಮಂಟಪದ ಬಾಗಿಲು ತೆರೆಯಿತು. ಆರತಕ್ಷತೆಯ ಸಂಜೆಗಳಲ್ಲಿ ರಸ್ತೆಯ ಎರಡೂ ಬದಿ ಕಾರು. ಕಳೆದ ವಾರ ಪಂಚಾಂಗ ತಂದು ಕೂತು, ಮುಹೂರ್ತದ ದಿನಗಳನ್ನು ಒಂದೊಂದಾಗಿ ಟ್ವಿನ್‌ಗೆ ತುಂಬುತ್ತಿದ್ದೇನೆ. ಕಾರ್ತಿಕದವರೆಗೆ ಆಗಿದೆ.