ಗುಂಡಿ ತೋಡಿಸಿ ಪಾಠ ಮಾಡಿದ್ದು

'ಆರನೇ ಕ್ಲಾಸಿನವರ ಕೈಲಿ ಗುಂಡಿ ತೋಡಿಸ್ತಾ ಕೂತ್ರೆ ಪೋರ್ಷನ್ ಮುಗಿದ ಹಾಗೇ ಬಿಡ್ರಿ ಸರ್' ಅಂತ ನಕ್ಕ ನಮ್ಮ ಶಾಲೆಯ ಶಿಕ್ಷಕರೇ ಈ ವರ್ಷ ತಮ್ಮ ತರಗತಿಯವರನ್ನೂ ನನ್ನ ಗುಂಡಿಗೆ ಕಳಿಸಿದರು. ಹಾಗಾಗಿ ಬರೆಯುವ ಧೈರ್ಯ ಬಂತು.

ಪುರಾತತ್ವದವರು ನೆಲ ಅಗೆದು ಹಳೇ ಕಾಲ ತಿಳಿಯುವ ಹಾಗೆ ಮಕ್ಕಳೂ ಅಗೆದು ನೋಡಲಿ ಅಂತ ಇತಿಹಾಸದ ಪಾಠಕ್ಕೆ ಪದರ ಪದರವಾಗಿ ವಸ್ತು ಹೂತ ಗುಂಡಿ ಅದು. ಶಾಲೆಯ ಹಿಂದೆ ಆರಡಿ ಚೌಕ, ಮೊಳಕಾಲುದ್ದ ಆಳ. ತಳದಲ್ಲಿ ಕಲ್ಲಿನ ಚಕ್ಕೆ, ಮೇಲೆ ಬೂದಿ, ಮೂಳೆ, ಸುಟ್ಟ ಹುರುಳಿ, ಆಮೇಲೆ ಮಡಕೆ ಚೂರು, ಕೊನೆಗೆ ಬಳೆ ಚೂರು, ಪೆನ್ನಿನ ಕ್ಯಾಪು. ಎರೆಮಣ್ಣು, ಕೆಮ್ಮಣ್ಣು, ಮರಳು ಹೊಡೆಸಿದ್ದು ಸೇರಿ ಮೊದಲ ಸಲ ಸುಮಾರು ₹1,500, ಎಲ್ಲ ನನ್ನ ಜೇಬಿನದೇ. ಮಟನ್ ಅಂಗಡಿಯ ಮೂಳೆಗಳನ್ನು ನಾಯಿಗಳು ರಾತ್ರೋರಾತ್ರಿ ಉತ್ಖನನ ಮಾಡಿ ಮುಗಿಸಿದವು. ಮತ್ತೆ ಹೂತೆವು, ಮಳೆ ಬಂದು ಗುಂಡಿ ಕೆರೆಯಾಯಿತು. ಅದೂ ಆರಿದ ಮೇಲೆ ಮಕ್ಕಳು ಒಟ್ಟಿಗೇ ಇಳಿದು ಅರ್ಧ ಗಂಟೆಯಲ್ಲಿ ಎಲ್ಲ ಬಾಚಿ ರಾಶಿ ಹಾಕಿದರು. ಯಾವುದು ಎಲ್ಲಿತ್ತು ಕೇಳಿದರೆ ಒಬ್ಬನಿಗೂ ಗೊತ್ತಿಲ್ಲ.

ಆಮೇಲೆ ದಾರ ಕಟ್ಟಿ ನಾಲ್ಕು ಭಾಗ ಮಾಡಿದೆ. ಚಮಚ, ಬ್ರಷ್ ಬಿಟ್ಟು ಬೇರೇನೂ ಇಲ್ಲ. ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯದೆ ಏನನ್ನೂ ಎತ್ತುವಂತಿಲ್ಲ. ಒಂದು ಮೂಲೆಯಲ್ಲಿ ಇಲಿ ಬಿಲದ ಹಾಗೆ ಕೊರೆದು ಪೆನ್ನಿನ ಕ್ಯಾಪನ್ನು ತಳಕ್ಕೆ ಇಳಿಸಿದ್ದೆ. 'ಆದಿಮಾನವ ಪೆನ್ನಲ್ಲಿ ಬರೀತಿದ್ನಾ?' ಅಂತ ಜಗಳ ಶುರುವಾಯಿತು. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅಲ್ಲಿನ ಮಣ್ಣನ್ನು ಬೆರಳಲ್ಲಿ ಒತ್ತಿ, 'ಇಲ್ಲಿ ಮಾತ್ರ ಸಡಿಲ ಐತ್ರಿ ಸರ್' ಅಂದಳು. ಪದರಗಳು ಕಲೆಸದಂತೆ ನಡುವೆ ಏನು ಹಾಕುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಪುಸ್ತಕದಲ್ಲಿ ಅಕ್ಕಪಕ್ಕದ ಪಾಠಗಳಾಗಿರುವುದರಿಂದ ಆದಿಮಾನವನೂ ಹರಪ್ಪದವರೂ ನೆರೆಹೊರೆಯವರು ಅಂತಲೇ ಮಕ್ಕಳ ಲೆಕ್ಕ. ಅದಕ್ಕೆ ವರ್ಷಕ್ಕೆ ಒಂದು ಮಿಲಿಮೀಟರ್ ದೂರ ಅಂತ ಹಿಡಿದು, ಇವತ್ತಿನಿಂದ ಹಿಂದಕ್ಕೆ ಮಕ್ಕಳನ್ನು ನಡೆಸಿದೆ. ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಕಲ್ಲಿನ ಕೊಡಲಿ ಮಾಡುತ್ತಾ ಹುರುಳಿ ತಿನ್ನುತ್ತಿದ್ದವರು ಸುಮಾರು 3,500 ವರ್ಷದ ಹಿಂದಿನವರು, ಅಂದರೆ ಮೂರೂವರೆ ಮೀಟರ್. ಮೊಹೆಂಜೊದಾರೊ ನಾಲ್ಕೂವರೆ ಮೀಟರ್, ಇನ್ನೂ ತರಗತಿಯ ಒಳಗೇ. ಯಾದಗಿರಿ ಜಿಲ್ಲೆಯ ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಸುಣ್ಣಕಲ್ಲಿನಿಂದ ಕೈಗೊಡಲಿ ಮಾಡಿದವರಿಗೆ ಅಂದಾಜು 12 ಲಕ್ಷ ವರ್ಷ. ಗೇಟು ದಾಟಿ, ಬಸ್ ಸ್ಟ್ಯಾಂಡ್ ದಾಟಿ ಒಂದೂ ಕಾಲು ಕಿಲೋಮೀಟರ್ ಹತ್ತಿರ ನಡೆಯಬೇಕಾಯಿತು. ಖರ್ಚು ಸೊನ್ನೆ. ನನ್ನ ಕೇಳಿದರೆ ಗುಂಡಿಗಿಂತ ಇದೇ ಗಟ್ಟಿ ಪಾಠ.

ಬೂದಿದಿಬ್ಬದ, ಅಂದರೆ ಸಂಗನಕಲ್ಲಿನಂಥವರ ಕಾಲದ ಬೂದಿ ಗುಡ್ಡೆಯ, ಪ್ರಯೋಗ ಮಾತ್ರ ಇನ್ನೂ ಕೂಡಿಬಂದಿಲ್ಲ. ಹಂಪಿ ಕಡೆಯ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಬೂದಿ ಅಂತ ಮಕ್ಕಳು ಕೇಳಿದ್ದಾರೆ. ಅದು ದನದ ಸಗಣಿ ಸುಟ್ಟದ್ದು ಅಂದರೆ ನಂಬಲಿಲ್ಲ. ₹300ರ ಕುಳ್ಳು ಒಟ್ಟಿ ಸುಟ್ಟೆವು. ಬರೀ ಮೆತ್ತನೆ ಬೂದಿ ಉಳಿಯಿತು. ಬಳ್ಳಾರಿ ಹತ್ತಿರದ ಕುಡತಿನಿಯ ಬೂದಿದಿಬ್ಬದಲ್ಲಿ ಸಿಗುವಂಥ, ಕರಗಿ ಗಾಜಿನಂತಾದ ಗಟ್ಟಿ ಉಂಡೆ ಒಂದೂ ಆಗಲಿಲ್ಲ. ಹೊಗೆಗೆ ಮುಖ್ಯಗುರುಗಳಿಂದ ಬೈಗುಳ ಬೇರೆ. ಬೇಸಿಗೆಗೆ ಒಂದು ಬಂಡಿ ಸಗಣಿ ಹೇಳಿಟ್ಟಿದ್ದೇನೆ, ಈ ಸಲ ಊರ ಹೊರಗೆ.