ಕಲಬುರಗಿ–ಬೀದರ್: ಬಸ್ಸೋ, ರೈಲೋ, ಬೈಕೋ? ನನ್ನ ಅನುಭವ

ನಂದು ಎಲೆಕ್ಟ್ರಾನಿಕ್ ಕಾಟಾ (ತೂಕದ ಮಷೀನ್) ರಿಪೇರಿ ಕೆಲಸ. ಮನಿ ಕಲಬುರಗಿದಾಗ, ಗಿರಾಕಿ ಅರ್ಧಕ್ಕರ್ಧ ಬೀದರ್‌ದಾಗ, ಹಿಂಗಾಗಿ ವಾರಕ್ಕ ಒಮ್ಮಾದ್ರೂ ಹೋಗೂದು ಇದ್ದೇ ಇರ್ತದ. ಭಾಳ ಮಂದಿ ಕೇಳ್ತಾರ, ಯಾವುದ್ರಾಗ ಹೋಗ್ತಿ ಅಂತ. ಮೂರೂ ಮಾಡಿ ನೋಡೀನಿ.

ಮೊದ್ಲು ಬೈಕ್. ಯಾರ ದಾರಿನೂ ಕಾಯೂದಿಲ್ಲ ಅನ್ನೋ ಜೋಶ್ ಒಂದೇ. ಹೋಗಿ ಬರೂದು ಸುಮಾರು 230 ಕಿಮೀ, ನನ್ನ ಗಾಡಿ ಲೀಟರಿಗೆ 50 ಕೊಟ್ರೂ ನಾಲ್ಕೂವರಿ ಲೀಟರ್ ಮ್ಯಾಲೆ ಬೇಕು, ಪೆಟ್ರೋಲ್ ನೂರು ದಾಟಿ ಕುಂತದ, ಅಂದ್ರ ಹತ್ತಿರ ಹತ್ತಿರ ಐನೂರು ರೂಪಾಯಿ ರಸ್ತಾದಾಗೇ ಹೋತು. ಅದೂ ನಡೀತಿತ್ತು ಬಿಡ್ರಿ, ಒಂದ್ಸಲ ಮೇ ತಿಂಗಳ ಮಧ್ಯಾಹ್ನ ವಾಪಸ್ ಬರುವಾಗ ಹುಮನಾಬಾದ್ ದಾಟಿದ ಮ್ಯಾಲೆ ಕಣ್ಣು ಕತ್ತಲಿ ಬಂದಂಗಾಗಿ ಬೇವಿನ ಗಿಡದ ಕೆಳಗ ಅರ್ಧ ತಾಸು ಬಿದ್ಕೊಂಡಿದ್ದೆ. ಅವತ್ತಿಗೆ ಬೈಕ್ ಬಂದ್.

ಬಸ್ಸಿಂದು ಒಂದು ದೊಡ್ಡ ಸುಖ ಅದ, ಒಂದು ತಪ್ಪಿದ್ರ ಇನ್ನೊಂದು ಬರ್ತದ. ಕಮಲಾಪುರ, ಹುಮನಾಬಾದ್ ಮ್ಯಾಲೆ ಹಾದು ಹೋಗ್ತದ, ಹುಮನಾಬಾದ್ ಸ್ಟ್ಯಾಂಡಿನ್ಯಾಗ ನಿಂದ್ರತದ, ಚಹಾ ಕುಡೀಬಹುದು. ನಮ್ಮನಿಯಾಕಿ ಜೋಡಿ ಬಂದ್ರ ಬಸ್ಸೇ. 2023ರ ಜೂನ್‌ದಿಂದ ಶಕ್ತಿ ಯೋಜನೆ ಬಂತಲ್ಲ, ಆಧಾರ್ ತೋರ್ಸಿ ಆಕಿ ಪುಕ್ಕಟೆ ಬರ್ತಾಳ, ನಾನೊಬ್ನೇ ಟಿಕೆಟ್ ತಗೋಬೇಕು, ಅದನ್ನ ಹುಮನಾಬಾದ್ ತನಕ ನಾಕ್ಸಲ ನೆನಪು ಮಾಡ್ತಾಳ. ಆದ್ರ ನಾನೊಬ್ನೇ ಇದ್ದಾಗ ತ್ರಾಸು. ನನ್ನ ಚೀಲದಾಗ ತೂಕದ ಕಲ್ಲು ಇರ್ತಾವ, ಕಾಟಾ ಚೆಕ್ ಮಾಡ್ಲಿಕ್ಕ ಬೇಕೇ ಬೇಕು. ಕಿಟಕ್ಯಾಗಿಂದ ಟವೆಲ್ ಒಗದು ಸೀಟು ಹಿಡಿದ್ರೂ ಚೀಲ ಕಾಲ ನಡುವ ಇಟ್ಕೊಂಡು ಎರಡೂವರಿ ಮೂರು ತಾಸು ಕುಂದ್ರೂದಂದ್ರ ಮೊಣಕಾಲು ನಮ್ಮದಲ್ಲ.

ಈಗ ಹೆಚ್ಚಾಗಿ ರೈಲು. ಈ ಲೈನ್ ಚಾಲೂ ಆಗಿದ್ದೇ 2017ರ ಅಕ್ಟೋಬರ್‌ದಾಗ, ಸುಮಾರು 110 ಕಿಮೀ. ಅದಕ್ಕಿಂತ ಮುಂಚೆ ಕಲಬುರಗಿಯಿಂದ ಬೀದರ್‌ಗೆ ರೈಲಿನ್ಯಾಗ ಹೋಗ್ತೀನಂದ್ರ ವಾಡಿ, ತಾಂಡೂರು, ವಿಕಾರಾಬಾದ್ ಸುತ್ತಬೇಕಿತ್ತು, ಶಾಣ್ಯಾ ಯಾವನೂ ಹೋಗ್ತಿರ್ಲಿಲ್ಲ. ಪ್ಯಾಸೆಂಜರ್ ರೈಲಿನ ಟಿಕೆಟ್ ಬಸ್ಸಿಗಿಂತ ಭಾಳ ಸಸ್ತಾ, ಕಾಲು ಚಾಚಿ ಕುಂದ್ರಬಹುದು, ಚೀಲ ಸೀಟಿನ ಕೆಳಗ. ಮರಗುತ್ತಿ ಕಡಿ ಸುರಂಗ ಬರ್ತದ, ಒಂದೂವರಿ ಕಿಮೀಗಿಂತ ಉದ್ದ, ಹುಡುಗರೆಲ್ಲ ಹೋ ಅಂತ ಒದರತಾವ, ಫೋನಿನ್ಯಾಗ ಮಾತಾಡೋರು ಹಲೋ ಹಲೋ ಅನ್ಕೋತ ಕುಂದರ್ತಾರ.

ತೊಂದರೆ ಏನಂದ್ರ ದಿನಕ್ಕ ರೈಲು ಕಮ್ಮಿ. ನಾನು ಮೊದಮೊದಲು ಹೋಗೂ ಟೈಮ್ ಅಷ್ಟೇ ನೋಡ್ತಿದ್ದೆ, ಒಂದಿನ ಬೀದರ್‌ದ ಗಂಜ್ ಮಾರ್ಕೆಟ್‌ದಾಗ ಕೆಲಸ ಮುಗಿಯೂದು ಹತ್ತು ನಿಮಿಷ ತಡ ಆತು, ಸ್ಟೇಷನ್‌ಗೆ ಆಟೋ ಇಳಿಯೂದಕ್ಕೂ ರೈಲು ಹೊಂಡೂದಕ್ಕೂ ಸರಿ ಹೋತು, ಕೊನಿಗೆ ಬಸ್ಸಿನ್ಯಾಗ ನಿಂತ್ಕೊಂಡು ಬಂದೆ. ಈಗ ವಾಪಸ್ ಬರೂ ಟೈಮ್ ಮೊದ್ಲು ನೋಡಿ, ಎರಡೂ ಕಡಿ ಆಟೋ ರೊಕ್ಕ ಲೆಕ್ಕಕ್ಕ ಹಿಡಿದು, ಆಮ್ಯಾಲೆ ಹೋಗೂದು ನೋಡ್ತೀನಿ. ಸಣ್ಣ ಕೆಲಸ ಇತ್ತಂದ್ರ, ಕೈಚೀಲ ಒಂದೇ ಅಂದ್ರ, ಹೋಗೂದು ರೈಲು, ಬರೂದು ಸಿಕ್ಕ ಬಸ್ಸು.

ನಾಳೆ ಮತ್ತ ಹೋಗೂದದ. ಈಗಷ್ಟೇ ಚೀಲ ನಮ್ಮ ಕಾಟಾ ಮ್ಯಾಲೆ ಇಟ್ಟು ನೋಡ್ದೆ, ಹದಿನೆಂಟು ಕೆಜಿ. ಎರಡೂ ಕಡಿ ರೈಲೇ.